ತೇನೆಹಕ್ಕಿ ಮರದ ಮೇಲೆ ಯಾಕೆ ಕೂರುವುದಿಲ್ಲ

ಅವಳ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ಗೀಜಗ. ಆಮೇಲೆ ಹೇಳಿದವಳು ಕಾಗಮ್ಮ. ಗಾಳಿಯೂ ಅದನ್ನೇ ಹೇಳಿತು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಗೂಡನ್ನು ಬೀಳಿಸಿ ತೋರಿಸಿತು.

ಇದು ಲೋಕ ಹೊಸದಾಗಿದ್ದಾಗಿನ ಮಾತು. ಆಗ ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲ. ಕೆರೆಯ ನೀರಿಗೆ ತನ್ನ ದಡ ಯಾವುದು ಎಂದು ಸರಿಯಾಗಿ ಗೊತ್ತಿರಲಿಲ್ಲ. ಹಕ್ಕಿಗಳೆಲ್ಲ ಒಂದೇ ಮರದಲ್ಲಿ ಇದ್ದವು. ಅದು ಕೆರೆಯ ಪಕ್ಕದ ಗೋಣಿ ಮರ. ಅದರ ಯಜಮಾನಿಕೆ ಕಾಗಮ್ಮನದು. ಯಾರು ಕೊಟ್ಟರು ಎಂದು ಕೇಳಬೇಡಿ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಜೋರಾಗಿ ಕೂಗುವವರಿಗೆ ಯಜಮಾನಿಕೆ ತಾನಾಗಿಯೇ ಬಂದುಬಿಡುತ್ತದೆ.

ಆ ಮರದಲ್ಲಿ ತೇನೆ ಎಂಬ ಹಕ್ಕಿಯೂ ಇದ್ದಳು. ಉದ್ದನೆಯ ಹಳದಿ ಕಾಲು, ಕಪ್ಪು ಎದೆ, ಕಣ್ಣಿನ ಮುಂದೆ ಕುಂಕುಮ ಇಟ್ಟಂತೆ ಕೆಂಪು. ನೋಡಲು ಚೆಂದವೇ. ಆದರೆ ಗೂಡು ಹೆಣೆಯಲು ಒದಗುವ ಮೈಯಲ್ಲ.

"ಎಳೆ ಹಿಡಿಯೋಕೆ ಬರಲ್ಲ, ಗಂಟು ಹಾಕೋಕೆ ಬರಲ್ಲ. ಇವಳು ಮಕ್ಕಳು ಸಾಕ್ತಾಳಂತೆ," ಎಂದ ಗೀಜಗ. ಅವನು ತನ್ನ ಗೂಡಿಗೆ ಆಗಲೇ ಎರಡನೇ ಅಂತಸ್ತು ಹಾಕುತ್ತಿದ್ದ.

ತೇನೆ ಹುಲ್ಲು ತಂದು ಗೂಡು ಕಟ್ಟಿದಳು. ಗಾಳಿ ಬಂತು, ಗೂಡು ಬಿತ್ತು. ಕಡ್ಡಿ ತಂದು ಕಟ್ಟಿದಳು. ಗಾಳಿ ಬಂತು, ಗೂಡು ಬಿತ್ತು. ಕೊನೆಗೆ ಕೆರೆಯ ಜೇಡಿ ತಂದು ಮೆತ್ತಿ ಕಟ್ಟಿದಳು. ಈ ಸಲ ಗಾಳಿ ಬರುವ ಮೊದಲೇ ಬಿತ್ತು.

"ಇದು ನಾನಲ್ಲ ಕಣವ್ವ," ಎಂದಿತು ಗಾಳಿ. "ನಾನು ಈಗ ತಾನೇ ಬರ್ತಾ ಇದೀನಿ."

"ಗೊತ್ತು," ಎಂದಳು ತೇನೆ. "ನಿನ್ನ ಬೈತಾ ಕೂರೋಕೆ ನನಗೆ ಪುರುಸೊತ್ತಿಲ್ಲ. ಮೊಟ್ಟೆ ಇಡೋ ದಿನ ಹತ್ತಿರ ಬಂತು."

ಮರದಲ್ಲಿ ಒಂದು ಕಟ್ಟಳೆ ಇತ್ತು. ಗೂಡಿಲ್ಲದವಳು ತನ್ನ ಮೊಟ್ಟೆಗಳನ್ನು ಗೂಡಿದ್ದವರಿಗೆ ಒಪ್ಪಿಸಬೇಕು. ಕಾಗಮ್ಮ ಕೆಳಗಿನ ಕೊಂಬೆಗೆ ಇಳಿದು ಬಂದಳು.

"ನೋಡೇ ತೇನೆ, ಬೇಜಾರು ಮಾಡ್ಕೋಬೇಡ. ಮೊಟ್ಟೆ ನನ್ನ ಗೂಡಲ್ಲಿ ಇಡು. ನಾನು ಸಾಕ್ತೀನಿ. ನನ್ನ ಗೂಡಲ್ಲಿ ಬೆಳೆದ ಮಕ್ಕಳನ್ನ ನೋಡಿದೀಯಲ್ಲ, ಒಂದೊಂದೂ ಎಷ್ಟು ಇಂಪಾಗಿ ಹಾಡುತ್ತೆ."

ಕಾಗಮ್ಮನ ಗೂಡಲ್ಲಿ ಯಾರ ಮಕ್ಕಳು ಬೆಳೆಯುತ್ತಿದ್ದರು ಎಂಬುದು ಇಡೀ ಮರಕ್ಕೆ ಗೊತ್ತಿತ್ತು. ಕಾಗಮ್ಮನಿಗೊಬ್ಬಳಿಗೆ ಗೊತ್ತಿರಲಿಲ್ಲ. ಎಲೆಗಳ ಮರೆಯಲ್ಲಿದ್ದ ಕೋಗಿಲೆ ಸಣ್ಣಗೆ ಕೆಮ್ಮಿತು.

"ನನ್ನ ಮಕ್ಕಳನ್ನ ನಾನೇ ಸಾಕ್ತೀನಿ, ದೊಡ್ಡಮ್ಮ," ಎಂದಳು ತೇನೆ.

"ಎಲ್ಲಿ? ನಿನ್ನ ತಲೆ ಮೇಲಾ?"

ತೇನೆ ಸುತ್ತ ನೋಡಿದಳು. ಮೇಲೆ ಕೊಂಬೆ, ಕೊಂಬೆಯ ಮೇಲೆ ಬೇರೆಯವರ ಗೂಡು. ಕೆಳಗೆ ಕೆರೆಯ ಅಂಗಳ, ಅದರಾಚೆ ಬೆಣಚುಕಲ್ಲಿನ ಬೋರೆ, ಎಂದರೆ ಬೋಳು ದಿಬ್ಬ. ಬಟ್ಟಬಯಲು. ಅಲ್ಲಿ ಯಾರದೂ ಏನೂ ಇರಲಿಲ್ಲ.

ಆಗ ನೆಲ ಮಾತಾಡಿತು. ನೆಲದ ಮಾತು ನಿಧಾನ, ತಗ್ಗು ದನಿ, ಕಾಲಿಗೆ ಮೊದಲು ಕೇಳಿಸುತ್ತದೆ.

"ನನ್ನ ಮೇಲೆ ಇಡು ಮಗಳೇ," ಎಂದಿತು ನೆಲ. "ಮರದಿಂದ ಬಿದ್ದರೆ ನನ್ನ ಮೇಲೇ ಬೀಳಬೇಕು. ನನ್ನಿಂದ ಬಿದ್ದವರು ಯಾರೂ ಇಲ್ಲ."

ಮರವೆಲ್ಲ ನಕ್ಕಿತು. ತೇನೆ ನಗಲಿಲ್ಲ. ಕಾಗಮ್ಮನ ಕಡೆ ತಿರುಗಿದಳು.

"ಮಕ್ಕಳು ಹಾರೋವರೆಗೆ ನನ್ನ ತಂಟೆಗೆ ಬರಬೇಡಿ. ಅಷ್ಟರೊಳಗೆ ಒಂದೇ ಒಂದು ಮರಿ ಹೋದರೂ, ಉಳಿದವನ್ನ ನಾನೇ ತಂದು ನಿಮ್ಮ ಗೂಡಲ್ಲಿ ಬಿಡ್ತೀನಿ. ಮತ್ತೆ ಅಮ್ಮ ಅಂತ ಕರೆಸಿಕೊಳ್ಳಲ್ಲ."

"ಎಲ್ಲರೂ ಕೇಳಿಸಿಕೊಂಡ್ರಾ?" ಎಂದಳು ಕಾಗಮ್ಮ.

ಎಲ್ಲರೂ ಕೇಳಿಸಿಕೊಂಡಿದ್ದರು.

ತೇನೆ ಬೋರೆಯ ಮೇಲೆ ನಾಲ್ಕು ಮೊಟ್ಟೆ ಇಟ್ಟಳು. ಸುತ್ತ ಸಣ್ಣ ಕಲ್ಲು ಜೋಡಿಸಿದಳು, ಅಷ್ಟೇ ಅವಳ ಗೂಡು. ಬಿಸಿಲೇರಿ ಕಲ್ಲು ಕಾದರೆ ಕೆರೆಗೆ ಓಡಿ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊಟ್ಟೆಗೆ ಕಾವು ಕೊಡುತ್ತ ಕೂತವಳು ನೆಲವನ್ನು ಓದಲು ಕಲಿತಳು. ಮಣ್ಣಿನ ಮೇಲೆ ಸೊಟ್ಟ ಗೆರೆ ಎಳೆದಿದ್ದರೆ ಹಾವು ಹೋಗಿದೆ. ಪುಟ್ಟ ಬೆರಳುಗಳ ಸಾಲು ಇದ್ದರೆ ಮುಂಗುಸಿ ಬಂದಿದೆ. ಹರಡಿಕೊಂಡು ತಣ್ಣಗೆ ಬರುವುದು ಮೋಡದ ನೆರಳು. ಚಿಕ್ಕದಾಗಿ, ಚೂಪಾಗಿ, ತಿರುತಿರುಗಿ ಬರುವುದು ಗಿಡುಗನ ನೆರಳು. ಮೊದಮೊದಲು ಒಂದೊಂದೇ ಗುರುತು ನೋಡಿ ಯೋಚಿಸಬೇಕಾಗುತ್ತಿತ್ತು. ಆಮೇಲೆ ಒಂದೇ ನೋಟಕ್ಕೆ ಬಯಲೆಲ್ಲ ಅರ್ಥವಾಗತೊಡಗಿತು.

ಬೋರೆಯ ಕಲ್ಲಿನದೇ ಬಣ್ಣದ ಮರಿಗಳು ಹೊರಬಂದವು. ಮೈ ಒಣಗುವಷ್ಟು ಹೊತ್ತು ಸುಮ್ಮನಿದ್ದವು. ಆಮೇಲೆ ಎದ್ದು ಓಡಿದವು. ಮರದ ಮೇಲಿನ ಮರಿಗಳು ಇನ್ನೂ ಕಣ್ಣು ಮುಚ್ಚಿಕೊಂಡು ಬಾಯಿ ಮಾತ್ರ ತೆರೆದುಕೊಂಡಿದ್ದವು.

"ಅಯ್ಯೋ, ಹುಟ್ಟಿದ ದಿನವೇ ಬೀದಿಗೆ ಬಿಟ್ಟಳಲ್ಲ," ಎಂದಳು ಕಾಗಮ್ಮ.

ಬೀದಿಗಲ್ಲ, ಬಯಲಿಗೆ. ಅಲ್ಲಿ ಏನಿತ್ತು, ಏನಿರಲಿಲ್ಲ! ಎಮ್ಮೆಯ ಗೊರಸಿನ ಗುಳಿಯಲ್ಲಿ ನಿಂತ ನೀರು ಮರಿಗಳಿಗೆ ಕೆರೆ. ಒಣಗಿದ ಸಗಣಿ ಅವುಗಳ ಬೆಟ್ಟ. ಅದನ್ನು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಜಾರುತ್ತಿದ್ದವು. ಮಿಡತೆಯ ಹಿಂದೆ ಓಡಿ ಹಿಡಿದವರು ಗೆದ್ದಂತೆ, ಗೆದ್ದವರಿಗೆ ಮಿಡತೆಯೇ ಊಟ. ಗಾಳಿ ಒಣ ಎಲೆಗಳನ್ನು ಉರುಳಿಸಿಕೊಂಡು ಬರುತ್ತಿತ್ತು, ಮರಿಗಳು ಎಲೆಗಳ ಜೊತೆ ಪಂದ್ಯ ಕಟ್ಟಿ ಓಡುತ್ತಿದ್ದವು.

"ನಾನೇ ಸೋಲಲಾ?" ಎಂದು ಗಾಳಿ ತೇನೆಯ ಕಿವಿಯಲ್ಲಿ ಕೇಳುತ್ತಿತ್ತು.

"ಒಂದೊಂದು ಸಲ ಸೋಲು. ಎಲ್ಲಾ ಸಲ ಸೋತ್ರೆ ಹಾಳಾಗ್ತಾರೆ," ಎನ್ನುತ್ತಿದ್ದಳು ತೇನೆ.

ಎಲ್ಲ ಆಟಗಳಿಗಿಂತ ದೊಡ್ಡ ಆಟ ಒಂದಿತ್ತು. ಅದನ್ನು ಕಟ್ಟಿದವಳು ತೇನೆಯೇ. ಆಟದ ಪದ ಹೀಗಿತ್ತು:

"ಟೀ ಅಂದರೆ ಕಲ್ಲು, ಟಿಟ್ಟಿಟ್ಟೀ ಅಂದರೆ ಕಾಲು."

ಅಮ್ಮ 'ಟೀ' ಎಂದು ಕೂಗಿದರೆ ಇದ್ದಲ್ಲೇ ಕಲ್ಲಾಗಬೇಕು. ಬಾಯಲ್ಲಿ ಮಿಡತೆ ಇದ್ದರೂ ಅಗಿಯುವಂತಿಲ್ಲ. ಒಂದು ಕಾಲು ಮೇಲಿದ್ದರೆ ಮೇಲೇ. 'ಟಿಟ್ಟಿಟ್ಟೀ' ಎಂದ ಮೇಲೆಯೇ ಕಾಲಿಗೆ ಬುದ್ಧಿ ಹೇಳಬೇಕು. ಬೆಳಿಗ್ಗೆ ಅದೇ ಆಟ, ಮಧ್ಯಾಹ್ನ ಅದೇ ಆಟ, ಸಂಜೆ ಅದೇ ಆಟ. ಮೊದಲ ಮೂರು ಮರಿಗಳು ಬೇಗ ಕಲಿತವು. ಎಲ್ಲಕ್ಕಿಂತ ಚಿಕ್ಕದು ಚುಕ್ಕಿ. ಅದಕ್ಕೆ ಮೈಯೆಲ್ಲ ಕಚಗುಳಿ. ಕಲ್ಲಾಗಿ ಕೂತರೆ ನಗು ಬರುತ್ತಿತ್ತು.

"ಕಲ್ಲು ನಗುತ್ತಾ, ಚುಕ್ಕಿ?"

"ಒಳಗೊಳಗೇ ನಗುತ್ತಮ್ಮ. ನೀನು ಕೇಳಿಸಿಕೊಂಡಿಲ್ಲ."

ಮರದ ಮೇಲಿಂದ ಗೀಜಗ ಇಣುಕುತ್ತಿದ್ದ. "ಬರೀ ಆಟ ಆಡಿಸ್ತಾಳೆ. ಹೊಟ್ಟೆ ತುಂಬುತ್ತಾ?"

"ತುಂಬ್ತಾ ಇದೆ," ಎನ್ನುತ್ತಿದ್ದಳು ತೇನೆ. "ನಿನ್ನ ಮಕ್ಕಳಿಗೆ ಇವತ್ತು ಎಷ್ಟು ಸಲ ತುತ್ತು ತಂದೆ?" ಗೀಜಗ ಏದುಸಿರು ಬಿಡುತ್ತ ಮತ್ತೊಂದು ತುತ್ತು ತರಲು ಹಾರುತ್ತಿದ್ದ.

ಮರಿಗಳ ರೆಕ್ಕೆಗೆ ಗರಿ ಬಂತು. ಇನ್ನೇನು ಹಾರಬೇಕು ಅನ್ನುವಾಗ, ಒಂದು ಬೆಳಿಗ್ಗೆ, ಬೋರೆಯ ಮೇಲೆ ಚಿಕ್ಕದಾದ, ಚೂಪಾದ ನೆರಳು ತಿರುಗಿತು.

"ಟೀ," ಎಂದಳು ತೇನೆ.

ನಾಲ್ಕು ಮರಿ ನಾಲ್ಕು ಕಲ್ಲಾದವು. ಗಿಡುಗ ತಗ್ಗಿ ಬಂದ. ಬೋರೆಯ ಮೇಲೆಲ್ಲ ಕಲ್ಲು, ಬರೀ ಕಲ್ಲು. ಮತ್ತೊಂದು ಸುತ್ತು ಹಾಕಿದ. ಕಲ್ಲು. ಅವನು ಬೇಸರಪಟ್ಟು ಮೇಲೇರುತ್ತಿದ್ದ. ಅಷ್ಟರಲ್ಲಿ ಒಂದು ಕಟ್ಟಿರುವೆ ಚುಕ್ಕಿಯ ಕಾಲು ಹತ್ತಿತು. ಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೊರಳಿಗೆ. ಚುಕ್ಕಿ ತಡೆದುಕೊಂಡಿತು. ಇರುವೆ ಕೊಕ್ಕಿನ ಮೇಲೆ ಬಂತು. ಚುಕ್ಕಿ ಆಗಲೂ ತಡೆದುಕೊಂಡಿತು. ಇರುವೆ ಕಚ್ಚಿತು.

ಚುಕ್ಕಿ ತಲೆ ಕೊಡವಿತು.

ಗಿಡುಗ ಗಾಳಿಯಲ್ಲೇ ತಿರುಗಿದ.

ತೇನೆ ಯೋಚಿಸುತ್ತ ನಿಲ್ಲಲಿಲ್ಲ. ಗಿಡುಗನ ಕಣ್ಣೆದುರಿಗೇ ಬಂದು ಬಿದ್ದಳು. ಒಂದು ರೆಕ್ಕೆಯನ್ನು ಮುರಿದಂತೆ ಎಳೆದುಕೊಂಡು, ಕುಂಟುತ್ತ, ನರಳುತ್ತ ನೆಲದ ಮೇಲೆ ಹೊರಳಿದಳು. ಗಿಡುಗ ನೋಡಿದ. ಅಷ್ಟು ಚಿಕ್ಕ ಮರಿಗಿಂತ ಇಷ್ಟು ದೊಡ್ಡ ತಾಯಿ ಮೇಲು ಅನ್ನಿಸಿತು. ಅವಳ ಹಿಂದೆ ಬಿದ್ದ.

ತೇನೆ ಓಡಿದಳು. ಮರಿಗಳಿದ್ದ ಕಡೆಗೆ ಬೆನ್ನು ಮಾಡಿ ಓಡಿದಳು. ಗೋಣಿ ಮರದ ತಗ್ಗಿನ ಕೊಂಬೆ ಹತ್ತಿರದಲ್ಲೇ ಇತ್ತು.

"ಇಲ್ಲಿ ಬಾರೇ ತೇನೆ, ಎಲೆ ಒಳಗೆ ಬಾ, ಅವನಿಗೆ ಸಿಗಲ್ಲ," ಎಂದು ಕೂಗಿದವನು ಗೀಜಗನೇ. ಅವನಿಗೆ ಬೇರೆ ಏನೂ ಗೊತ್ತಿರದಿದ್ದರೂ ಭಯ ಗೊತ್ತಿತ್ತು.

ಅವನು ಹೇಳಿದ್ದು ನಿಜ. ಒಂದು ಹಾರು ಹಾರಿದ್ದರೆ ತೇನೆಯ ಜೀವ ಉಳಿಯುತ್ತಿತ್ತು. ಆದರೆ ಅವಳು ಎಲೆಗಳೊಳಗೆ ಸೇರಿದರೆ ಗಿಡುಗ ಎತ್ತ ತಿರುಗುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಕೊಂಬೆಯನ್ನು ನೋಡಿದಳು, ದಾಟಿ ಓಡಿದಳು.

ಆಚೆ ಕಾರೆ ಮುಳ್ಳಿನ ದೊಡ್ಡ ಪೊದೆ ಇತ್ತು. ತೇನೆ ನೇರ ಅದರ ಕಡೆಗೆ ಓಡಿದಳು. ಮುಳ್ಳಿನ ಹತ್ತಿರ ಬಂದಾಗ ಗಿಡುಗನ ಉಗುರು ಅವಳ ಕಾಲಿನ ಹಿಂಬೆರಳನ್ನು ಹಿಡಿಯಿತು. ಹಕ್ಕಿಗಳು ಕೊಂಬೆಯನ್ನು ಹಿಡಿದು ಕೂರುವುದು ಆ ಬೆರಳಿನಿಂದಲೇ. ತೇನೆ ಎಳೆದುಕೊಂಡಳು. ಬೆರಳು ಅವನ ಬಳಿ ಉಳಿಯಿತು, ತೇನೆ ಈಚೆ ಬಂದಳು. ಎರಗಿ ಬಂದ ವೇಗಕ್ಕೆ ಗಿಡುಗ ನೇರ ಪೊದೆಯೊಳಗೆ ನುಗ್ಗಿದ. ಎದೆಗೆ, ರೆಕ್ಕೆಗೆ, ಕೊರಳಿಗೆ ಕಾರೆ ಮುಳ್ಳು. ಬಿಡಿಸಿಕೊಂಡು ಹೊರಗೆ ಬಂದವನು ಆ ಕಡೆ ಈ ಕಡೆ ನೋಡದೆ ಬೆಟ್ಟದ ದಾರಿ ಹಿಡಿದ.

ಗಲಾಟೆ ಕೇಳಿ ಕಾಗಮ್ಮ ಬೋರೆಗೆ ಇಳಿದಳು. ಅವಳ ಹಿಂದೆ ಅರ್ಧ ಮರ ಇಳಿಯಿತು. ಎಲ್ಲರೂ ಹುಡುಕಿದರು. ಒಂದು ಮರಿಯೂ ಕಾಣಲಿಲ್ಲ.

"ನಾಲ್ಕೂ ಹೋದವು," ಎಂದಳು ಕಾಗಮ್ಮ. ಅವಳ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. "ನಾನು ಮೊದಲೇ ಬಡ್ಕೊಂಡೆ. ನನ್ನ ಗೂಡಲ್ಲಿ ಇಟ್ಟಿದ್ರೆ ಬೆಚ್ಚಗೆ ಇರ್ತಿದ್ವು."

ತೇನೆ ಕುಂಟುತ್ತ ಬಂದಳು. ಕಾಲಿನಿಂದ ರಕ್ತ ಸೋರುತ್ತಿತ್ತು. "ದೊಡ್ಡಮ್ಮ, ಸ್ವಲ್ಪ ಆ ಕಡೆ ಸರೀರಿ. ನನ್ನ ದೊಡ್ಡ ಮಗನನ್ನ ತುಳೀತಾ ಇದೀರಿ."

ಕಾಗಮ್ಮ ಕಾಲು ಎತ್ತಿದಳು.

"ಟಿಟ್ಟಿಟ್ಟೀ," ಎಂದಳು ತೇನೆ.

ಕಾಗಮ್ಮನ ಕಾಲ ಬುಡದ ಕಲ್ಲು ಎದ್ದು ಓಡಿತು. ಅದರ ಪಕ್ಕದ ಕಲ್ಲು ಎದ್ದು ಓಡಿತು. ಸಗಣಿಯ ಮರೆಯಿಂದ ಇನ್ನೊಂದು ಬಂತು. ಎಲ್ಲಕ್ಕಿಂತ ಕೊನೆಗೆ ಚುಕ್ಕಿ ಬಂತು, ಕೊಕ್ಕು ಊದಿಸಿಕೊಂಡು. ನಾಲ್ಕೂ ಮರಿಗಳು ಅಮ್ಮನ ಕಡೆ ಓಡುತ್ತ ಓಡುತ್ತ, ಗಾಳಿ ಕೆಳಗಿನಿಂದ ಒಂದಿಷ್ಟು ಎತ್ತಿಕೊಡಲು, ನೆಲ ಬಿಟ್ಟು ಹಾರಿದವು. ಬಹಳ ದೂರವೇನಲ್ಲ. ಕಾಗಮ್ಮನ ತಲೆಯ ಮೇಲಿಂದ ಹಾದು ಹೋಗುವಷ್ಟು.

ಕಾಗಮ್ಮ ಬಗ್ಗಿ ಕೂತಳು. ಆಮೇಲೆ ಎದ್ದು ರೆಕ್ಕೆ ಸರಿಮಾಡಿಕೊಂಡಳು.

"ನಾನು ಹತ್ತಿರ ನಿಂತರೂ ಕಾಣಲಿಲ್ಲ," ಎಂದಳು. "ಎಲ್ಲಿ ಕಲಿತೆ ಇದನ್ನ?"

"ಆಟ ಆಡಿಸ್ತಾ ಆಡಿಸ್ತಾ ಬಂತು."

"ಸರಿ ಬಿಡು, ಗೆದ್ದೆ. ಮರದಲ್ಲಿ ಕೆರೆ ಕಡೆಯ ಕೊಂಬೆ ನಿನಗೇ. ಬಾ, ಮೇಲೆ ಬಾ."

ತೇನೆ ಹಾರಿ ಹೋಗಿ ಕೊಂಬೆಯ ಮೇಲೆ ಕಾಲಿಟ್ಟಳು. ಮುಂದಿನ ಮೂರು ಬೆರಳು ಕೊಂಬೆಯ ಮೇಲೆ ಚಾಚಿದವು. ಗಾಯದ ಕಾಲಿನಲ್ಲಿ ಹಿಂದೆ ಹಿಡಿಯಲು ಬೆರಳಿರಲಿಲ್ಲ. ಜಾರಿದಳು. ಮತ್ತೊಮ್ಮೆ ಕಾಲಿಟ್ಟಳು. ಮತ್ತೆ ಜಾರಿದಳು. ಮರವೆಲ್ಲ ನೋಡುತ್ತಿತ್ತು, ಯಾರೂ ನಗಲಿಲ್ಲ. ಗೀಜಗ ಮುಖ ತಿರುಗಿಸಿಕೊಂಡ.

ತೇನೆ ನೆಲಕ್ಕೆ ಇಳಿದು ನೆಟ್ಟಗೆ ನಿಂತಳು.

"ಕೊಂಬೆ ನೀವೇ ಇಟ್ಟುಕೊಳ್ಳಿ, ದೊಡ್ಡಮ್ಮ," ಎಂದಳು. "ಗಿಡುಗ ಬಂದರೆ ನಾನೇ ಕೂಗಿ ಹೇಳ್ತೀನಿ. ನಿಮಗೂ ಕೇಳಿಸೋ ಹಾಗೆ."

ಅಂದು ರಾತ್ರಿ ಅವಳು ಮಲಗಲಿಲ್ಲ. ಮರುದಿನವೂ ಸರಿಯಾಗಿ ಮಲಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ನೀವು ಕೆರೆಯ ಅಂಗಳಕ್ಕೋ ಉತ್ತ ಹೊಲಕ್ಕೋ ಆಡಲು ಹೋದಾಗ, ನಿಮಗಿಂತ ಮೊದಲೇ ಅಲ್ಲಿ ಹಳದಿ ಕಾಲಿನ ಹಕ್ಕಿಯೊಂದು ನಿಂತಿರುತ್ತದೆ. ನಿಮ್ಮನ್ನು ಕಂಡೊಡನೆ ಕೂಗುತ್ತದೆ, ಮರಿಗಳು ಎಲ್ಲಿವೆ ಎಂದು ನೀವು ಎಷ್ಟು ಹುಡುಕಿದರೂ ಕಲ್ಲುಗಳೇ ಕಾಣುತ್ತವೆ. ಅದರ ಕಾಲನ್ನು ಸರಿಯಾಗಿ ನೋಡಿ. ಹಿಂಬೆರಳಿನ ಜಾಗದಲ್ಲಿ ಇಷ್ಟೇ ಇಷ್ಟು ಮೊಟುಕು ಉಳಿದಿದೆ. ಅದು ಮರದ ಮೇಲೆ ಕೂತದ್ದನ್ನು ನಿಮ್ಮ ಅಜ್ಜಿ ನೋಡಿಲ್ಲ, ಅಜ್ಜಿಯ ಅಜ್ಜಿಯೂ ನೋಡಿಲ್ಲ. ಕೆರೆಯ ಅಂಗಳ, ಬೋರೆ, ಬೀಳು, ಬೇಲಿಯಿಲ್ಲದ ಬಯಲು ಎಷ್ಟಿದೆಯೋ ಅಷ್ಟೂ ಇವತ್ತು ತೇನೆಹಕ್ಕಿಯದು. ಅದಕ್ಕೆ ಅವಳು ತೆತ್ತದ್ದು ಒಂದು ಬೆರಳು, ಮತ್ತು ಅಂದಿನಿಂದ ಇಂದಿನವರೆಗಿನ ಎಲ್ಲ ರಾತ್ರಿಗಳ ನಿದ್ದೆ.