ನಾಲ್ಕನೆಯ ಮೊಳೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಯಾವ ಹೊಳೆ ಎಂದು ಕೇಳಬೇಡಿ. ನೀರಿತ್ತು, ನೆರಳಿತ್ತು, ಇಪ್ಪತ್ತು ಮಂದಿಗೆ ಎರಡು ಹೊತ್ತಿನ ರೊಟ್ಟಿಯಿತ್ತು, ಅಷ್ಟು ಸಾಕು.

ಆ ರೊಟ್ಟಿಯ ಜೋಳವನ್ನು ಹಳ್ಳಿಹಳ್ಳಿಯಿಂದ ಹೊತ್ತು ತರುತ್ತಿದ್ದವಳು ಕೆಂಚಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಅವಳನ್ನು ನೋಡಿಕೊಳ್ಳುವ ಕೆಲಸ ಕಲ್ಮೇಶನದು.

ಕಲ್ಮೇಶ ಮೂವತ್ತು ದಾಟಿದವನು. ಕಿರಾಣಿ ಅಂಗಡಿ ಬಿಟ್ಟು ಗುರು ಅಡವಯ್ಯನವರ ಬಳಿ ಬಂದು ಆರು ವರ್ಷವಾಗಿತ್ತು. ಈ ವರ್ಷ ಅವನಿಗೆ ದೀಕ್ಷೆ. ಅದಕ್ಕೆ ಮೊದಲು ನಲವತ್ತೆಂಟು ದಿನ ಮೌನ. ನಡುವೆ ಒಂದು ಮಾತು ಜಾರಿದರೂ ದೀಕ್ಷೆಗೆ ಮತ್ತೊಂದು ವರ್ಷ ಕಾಯಬೇಕು.

ಕಲ್ಮೇಶನೋ, ಮಾತಿಲ್ಲದೆ ನೀರು ಕೂಡ ಕುಡಿಯದ ಮನುಷ್ಯ. ಅಂಥವನು ನಲವತ್ತೈದು ದಿನ ತುಟಿ ಬಿಚ್ಚಿರಲಿಲ್ಲ. ಆಶ್ರಮದವರಿಗೆಲ್ಲ ಬೆರಗು. ಅವನಿಗೂ ಬೆರಗೇ ಅನ್ನಿ.

ನಲವತ್ತಾರನೆಯ ದಿನ ಬೆಳಿಗ್ಗೆ ಕೆಂಚಿ ಮುಂದಿನ ಬಲಗಾಲನ್ನು ನೆಲಕ್ಕೆ ಊರಲಿಲ್ಲ. ಕಲ್ಮೇಶ ಕಡಿವಾಣ ಹಿಡಿದು ಹತ್ತಿರ ಹೋದರೆ, ತಲೆ ಎತ್ತಿ ಗೋಡೆಯವರೆಗೂ ಹಿಂದೆ ಸರಿದಳು.

ಗುರುಗಳು ಬಂದರು. "ಏನಾತೋ ತಮ್ಮಾ?"

ಕಲ್ಮೇಶ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಬೆರಳಿನಿಂದ ಬರೆದ: ಕುಂಟುತ್ತಿದೆ.

"ಅದು ನನಗೂ ಕಾಣತೈತಿ. ಯಾಕ ಅಂತ ಕೇಳಿದೆ."

ಕಲ್ಮೇಶ ಬರೆದ: ಗೊತ್ತಿಲ್ಲ.

ಗುರುಗಳು ಬಗ್ಗಿ ನೋಡಿದರು. "ಕನ್ನಡಕ ತಂದಿಲ್ಲಪಾ," ಎಂದು ಆ ಅಕ್ಷರಗಳ ಮೇಲೇ ಕಾಲಿಟ್ಟು ಕುದುರೆಯ ಬಳಿ ಹೋದರು.

ಕಲ್ಮೇಶನಿಗೆ ಗೊತ್ತಿತ್ತು.

ಆರು ದಿನದ ಹಿಂದೆ ದಸ್ತಗೀರಸಾಬ ಬಂದು ಹೊಸ ಲಾಳ ಬಡಿದಿದ್ದ. ಕೆಂಚಿಯ ತಲೆ ಹಿಡಿದು ನಿಂತವನು ಕಲ್ಮೇಶ. ಮೂರು ಮೊಳೆ ಸುಮ್ಮನೆ ಇಳಿದವು. ನಾಲ್ಕನೆಯದಕ್ಕೆ ಅವಳ ಕಿವಿ ಹಿಂದಕ್ಕೆ ಅಂಟಿಕೊಂಡವು, ಕಣ್ಣಿನ ಬಿಳುಪು ಕಂಡಿತು, ಉಸಿರು ನಿಂತಿತು. ಕಲ್ಮೇಶನಿಗೆ ಮಾತು ಹಲ್ಲಿನವರೆಗೆ ಬಂತು. ನುಂಗಿದ. ನುಂಗಿದೆನಲ್ಲಾ ಎಂದು ಆ ಸಂಜೆ ಹೆಮ್ಮೆಯನ್ನೂ ಪಟ್ಟ.

ಗುರುಗಳು ಕೆಂಚಿಯ ತುಟಿಯ ಮೂಲೆ ನೋಡುತ್ತಿದ್ದರು. ಎರಡೂ ಕಡೆ ಕಿತ್ತು ಹೋಗಿ ಕೆಂಪಾಗಿತ್ತು.

"ಬಾಯಿ ಯಾಕ ಹಿಂಗಾಗೈತಿ?"

ಕಲ್ಮೇಶ ಲಗಾಮು ಜಗ್ಗುವಂತೆ ಕೈಮಾಡಿ ತೋರಿಸಿದ.

"ಯಾಕ ಜಗ್ಗಿದಿ?"

ನಿನ್ನೆ ಜೋಳ ತರುವಾಗ ನಡೆಯಲಿಲ್ಲ ಎಂದು ಕೈಯಾಡಿಸಿದ.

"ನೋವು ಕಾಲಾಗ," ಅಂದರು ಗುರುಗಳು. "ಜಗ್ಗಿದ್ದು ಬಾಯಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಲ್ಮೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ದಸ್ತಗೀರಸಾಬನಿಗೆ ಹೇಳಿ ಕಳಿಸಿದರು. ಅವನು ಬಂದವನೇ, "ಏನ್ರಿ ಮೂಕಪ್ಪಾರ, ಇನ್ನ ಎರಡ ದಿನಾ?" ಎಂದು ನಕ್ಕ. ಗೊರಸು ಮುಟ್ಟಿದ ಮೇಲೆ ನಗು ನಿಂತಿತು.

"ಕಾದ ಹಂಚಿನಂಗ ಸುಡಾಕತ್ತೈತಿ. ಒಳಗ ಕೀವು ಆಗೈತ್ರಿ ಅಪ್ಪಾರ. ಯಾವುದೋ ಮೊಳಿ ಹಸಿ ಮಾಂಸಕ್ಕ ನಟ್ಟೈತಿ. ಇನ್ನೊಂದೆಂಟು ದಿನ ಬಿಟ್ಟಿದ್ರ ಕುದುರಿ ಕೈ ಬಿಡತಿತ್ತು."

"ಬಡಿಯೂ ಮುಂದ ತಿಳೀಲಿಲ್ಲೇನೋ?"

"ನಾ ಆಕಿ ಮಾರಿಗೆ ಬೆನ್ನು ಕೊಟ್ಟು ಬಗ್ಗಿರತೀನಿ. ನನಗ ಕಾಲಷ್ಟ ಕಾಣತೈತಿ. ಮಾರಿ ಹಿಡದವರು ತಡಿ ಅಂದ್ರ ತಡೀತೀನಿ. ನಮ್ಮ ಕಸಬ ಹಂಗ ರೀ."

ಹೇಳಿ, ಕಲ್ಮೇಶನ ಕಡೆ ತಿರುಗಿದ. ವ್ರತದ ನೆನಪಾಗಿ ಕಣ್ಣು ಕೆಳಗೆ ಹಾಕಿದ.

ಮತ್ತೆ ಅದೇ ಕ್ರಮ. ಕಲ್ಮೇಶ ತಲೆ ಹಿಡಿದ. ದಸ್ತಗೀರಸಾಬ ಬೆನ್ನು ತಿರುಗಿಸಿ, ಗೊರಸನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಇಕ್ಕಳದಿಂದ ಒಂದೊಂದೇ ಮೊಳೆಯ ಜಾಗ ಒತ್ತಿ ನೋಡಿದ. ಕೆಂಚಿ ಎಲ್ಲದಕ್ಕೂ ನಡುಗಿದಳು.

"ತಿಳೀವಲ್ದು ಅಪ್ಪಾರ. ಮುಟ್ಟಿದಲ್ಲೆಲ್ಲಾ ನಡಗತಾಳ. ಅಂದಾಜಿನ ಮ್ಯಾಲ ಕೊಯ್ಯಬೇಕಾಗತೈತಿ." ಬಾಗುಗತ್ತಿ ಹೊರಗೆ ಬಂತು.

ಕಲ್ಮೇಶ ಗುರುಗಳನ್ನು ನೋಡಿದ. ಗುರುಗಳು ಹೊಳೆ ನೋಡುತ್ತಿದ್ದರು.

ಇನ್ನು ಎರಡೇ ದಿನ. ಆರು ವರ್ಷ ಕಾದದ್ದು. ಅಂಗೈಯಡಿ ಕೆಂಚಿಯ ದವಡೆ ಬೆವರಿತ್ತು.

"ತಡೀರಿ!"

ಎಷ್ಟೋ ದಿನ ಮುಚ್ಚಿದ್ದ ದನಿ ಒಡೆದು, ಬೇರೆ ಯಾರದೋ ದನಿಯಂತೆ ಕೇಳಿಸಿತು.

"ನಾಲ್ಕನೇ ಮೊಳಿ. ಅವತ್ತ ನೋಡಿದ್ದೆ ನಾನು. ಬಡಿಯೂ ಮುಂದನ ನೋಡಿದ್ದೆ."

ದಸ್ತಗೀರಸಾಬ ನಾಲ್ಕನೆಯ ಮೊಳೆ ಕಿತ್ತ. ಅದರ ಹಿಂದೆಯೇ ಕಪ್ಪು ಕೀವು ಜಿನುಗಿ, ಆಮೇಲೆ ಧಾರೆಯಾಗಿ ಇಳಿಯಿತು. ಕೆಂಚಿ ಉದ್ದಕ್ಕೆ ಒಂದು ಉಸಿರು ಬಿಟ್ಟಳು.

ಲಾಳ ಕಳಚಿದ ಮೇಲೆ ಅವನು ಹೇಳಿದ: "ದಿನಾ ನಾಕ ಸಲ ಬಿಸಿ ಉಪ್ಪುನೀರಾಗ ಕಾಲು ಇಡಸ್ರಿ. ಬೇವಿನ ಎಲಿ, ಅರಿಶಿಣ ಅರದು ಕಟ್ಟರಿ. ಬಾಯಿ ಮಾಯೂತನಕಾ ಕಡಿವಾಣದ ಕಬ್ಬಿಣ ತೋರಸಬ್ಯಾಡ್ರಿ."

ಅವನು ಹೋದ ಮೇಲೆ ಕಲ್ಮೇಶ ಗುರುಗಳ ಮುಂದೆ ನಿಂತ.

"ಅಪ್ಪಾರ, ಗೊತ್ತಿಲ್ಲ ಅಂತ ಸುಳ್ಳು ಬರದೆ."

"ಓದಿದೆ," ಅಂದರು ಗುರುಗಳು.

"ವ್ರತಾ ಮುರೀತು."

"ಹೂಂ."

"ಯಾವಾಗ ಮುರೀತ್ರಿ? ಇವತ್ತೋ, ಅವತ್ತೋ?"

ಗುರುಗಳು ಹೊಳೆಯ ಕಡೆ ಇಳಿದು ಹೋದರು.

ದೀಕ್ಷೆಯ ದಿನ ಬಂತು. ಆ ವರ್ಷ ಇನ್ನಿಬ್ಬರಿದ್ದರು. ಅಲ್ಲಿಯ ಪದ್ಧತಿ ಹೀಗೆ: ಗುರುಗಳು ತಮ್ಮ ಶಾಲನ್ನು ಶಿಷ್ಯನ ತಲೆಗೂ ತಮ್ಮ ತಲೆಗೂ ಸೇರಿಸಿ ಹೊದಿಸಿ, ಬಲಗಿವಿಯಲ್ಲಿ ಒಂದು ಮಾತು ಹೇಳುತ್ತಾರೆ. ಶಿಷ್ಯ ಬದುಕಿರುವಷ್ಟು ಕಾಲ ಅದೇ ಅವನ ಮಂತ್ರ.

ದೀಕ್ಷೆಗೊಂದರಂತೆ ಮಂಟಪದಲ್ಲಿ ಗಂಟೆ ಮೊಳಗಿತು. ಒಮ್ಮೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮೂರನೆಯದು ಇಲ್ಲವೆಂದು ಗೊತ್ತಿದ್ದರೂ ಕಲ್ಮೇಶ ಲಾಯದಲ್ಲಿ ಕೂತು ಕಿವಿಗೊಟ್ಟಿದ್ದ. ಅವನ ಮುಂದೆ ಬಿಸಿ ಉಪ್ಪುನೀರಿನ ಬಕೀಟು, ಬಕೀಟಿನಲ್ಲಿ ಕೆಂಚಿಯ ಕಾಲು.

ಬೇಯಿಸಿ ಮೆತ್ತಗೆ ಹಿಸುಕಿದ ಹುರುಳಿಯನ್ನು ಅಂಗೈಯಲ್ಲಿಟ್ಟು ಚಾಚಿದ. ಎರಡು ದಿನದಿಂದ ಅವಳು ಬುಟ್ಟಿಯಲ್ಲಿಟ್ಟರೆ ತಿನ್ನುತ್ತಿದ್ದಳು, ಅವನ ಕೈ ಕಂಡರೆ ಮುಖ ತಿರುಗಿಸುತ್ತಿದ್ದಳು. ಜಗ್ಗಿದ ಕೈ ಅದೇ ಅಲ್ಲವೇ. ಅವನು ಕೈ ಹಿಂದೆಗೆಯಲಿಲ್ಲ. ತೋಳು ಸೋತು ಬರುವ ಹೊತ್ತಿಗೆ, ಬಿಸಿ ಉಸಿರೊಂದು ಅಂಗೈಗೆ ತಾಗಿತು. ಆಮೇಲೆ ತುಟಿ. ಒಂದು ತುತ್ತು ತಿಂದಳು.

ಬಾಗಿಲಲ್ಲಿ ನೆರಳು ಕಂಡಿತು. ಗುರುಗಳು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಕಲ್ಮೇಶ ಏಳಹೋದ.

"ಏಳಬ್ಯಾಡ. ಆಕಿ ಕಾಲು ಅಲಗತೈತಿ."

ಹುಲ್ಲಿನ ಮೇಲೆ ಅವನ ಪಕ್ಕದಲ್ಲೇ ಕೂತರು. ಹೆಗಲ ಶಾಲು ತೆಗೆದು ಅವನ ತಲೆಗೂ ತಮ್ಮ ತಲೆಗೂ ಸೇರಿಸಿ ಹೊದಿಸಿದರು. ಒಳಗೆ ಕತ್ತಲು, ವಿಭೂತಿಯ ವಾಸನೆ. ಗಡ್ಡ ಬಲಗಿವಿಗೆ ತಾಗಿತು. ಕಲ್ಮೇಶ ಉಸಿರು ಬಿಗಿಹಿಡಿದ.

"ನೀರು ಆರೈತಿ," ಅಂದರು ಗುರುಗಳು. "ಬ್ಯಾರೆ ಕಾಸು."