ಎದುರು ದಡದ ಕರಡಿ

ಇಪ್ಪೆ ಹೂವು ತಿಂದು ಅಮಲೇರಿ ದಾಂಧಲೆ ಮಾಡಿದ ಕರಡಿಗಳನ್ನು ಕಾಡಿನ ಕಾವಲುನಾಯಿಗಳು ಮುದಿ ಎಮ್ಮೆಯ ಮಡುವಿಗೆ ತಂದು ಬಿಡುತ್ತಿದ್ದವು. ಚಟ ಬಿಡುವವರೆಗೆ ಎಮ್ಮೆ ಜೊತೆಗಿರುತ್ತಿತ್ತು, ಅವುಗಳ ಊಟಕ್ಕೆ ನಾಯಿಗಳು ಉಗ್ರಾಣದಿಂದ ಹಣ್ಣು ಕೊಡಿಸುತ್ತಿದ್ದವು. ಈಗ ನಾಯಿಗಳ ಮೇಲೆ ಚಿರತೆ ಒಡೆಯನಾಗಿ ಬಂದು, ಹಣ್ಣಿನ ಉಗ್ರಾಣವೂ ಅದರ ಕೈಸೇರಿತು. ಚಿರತೆ ಮಡು ನೋಡಲು ಬರುವ ದಿನ ಎಮ್ಮೆ ಬಾಲದಿಂದ ದಡ ಗುಡಿಸಿ ಕಾದುಕೊಂಡಿತ್ತು.

"ನಿನ್ನಿಂದ ನೆಟ್ಟಗಾದ ಒಂದು ಕರಡಿಯನ್ನಾದರೂ ತೋರಿಸು. ಇಲ್ಲದಿದ್ದರೆ ಹಣ್ಣು ನಿಲ್ಲಿಸುತ್ತೇನೆ," ಎಂದಿತು ಚಿರತೆ.

ಆಗಲೇ ಎದುರು ದಡಕ್ಕೆ, ಎಮ್ಮೆಯೇ ಉಳಿಸಿ ಕಳಿಸಿದ್ದ ಕರಡಿಯೊಂದು ಮರಿಯೊಡನೆ ನೀರಿಗೆ ಬಂತು. ಆ ಕರಡಿಯ ಮೈ ನೆಕ್ಕಬೇಕೆಂದು ಎಮ್ಮೆಯ ಜೀವ ಹಾತೊರೆಯಿತು.

"ಅವ್ವಾ, ಆ ಎಮ್ಮೆ ಯಾಕೆ ನಿನ್ನನ್ನೇ ನೋಡುತ್ತಿದೆ?" ಎಂದಿತು ಮರಿ.

"ಯಾರೋ ಏನೋ, ನೀನು ನೀರು ಕುಡಿ," ಎಂದು ಕರಡಿ ತಲೆ ತಗ್ಗಿಸಿತು.

"ಆ ಕರಡಿ ನಿನಗೆ ಗೊತ್ತೇ?" ಎಂದಿತು ಚಿರತೆ.

"ಇಲ್ಲ ಒಡೆಯಾ, ಇವತ್ತೇ ನೋಡಿದ್ದು," ಎಂದಿತು ಎಮ್ಮೆ.