ವಿಷ್ಣುಕ್ರಾಂತಿಯ ನಾಲ್ಕು ಬೀಜ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಯಾವ ದಾರಿಯಲ್ಲಿ ಹರಿಯಬೇಕೆಂದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಮಳೆ, ಕಲ್ಲು, ಬೀಜ, ಮನುಷ್ಯರು ಎಲ್ಲರೂ ಒಂದೇ ಭಾಷೆ ಆಡುತ್ತಿದ್ದರು.

ಆಗ ಮಳೆ ಕರೆದರೆ ಸಾಕು, ಎಲ್ಲರೂ ಓಡುತ್ತಿದ್ದರು. "ಬನ್ನಿ, ಬನ್ನಿ" ಎಂದು ಅದು ಒಂದು ಸಲ ಕೂಗಿದರೆ ಮಣ್ಣಿನೊಳಗಿನ ಬೀಜಗಳೆಲ್ಲ ಒಟ್ಟಿಗೇ ಮೊಳಕೆ ಒಡೆಯುತ್ತಿದ್ದವು. ಒಂದೂ ಹಿಂದೆ ಉಳಿಯುತ್ತಿರಲಿಲ್ಲ.

ಒಂದು ಕಲ್ಲುಗುಡ್ಡದ ಮೇಲೆ ದ್ಯಾವಕ್ಕ ಎಂಬ ಹೆಂಗಸು ಇದ್ದಳು. ಅವಳಿಗೆ ಒಬ್ಬಳೇ ಮಗಳು, ತಿಮ್ಮಿ. ಗುಡ್ಡದ ತುಂಬ ವಿಷ್ಣುಕ್ರಾಂತಿ ಹಬ್ಬಿತ್ತು. ಉಗುರಿಗಿಂತ ಚಿಕ್ಕ ಹೂ, ಆಕಾಶದ ನೀಲಿ. ತಿಮ್ಮಿಗೆ ಅದೆಂದರೆ ಪ್ರಾಣ. ಗುಡಿಸಿಲ ಬಾಗಿಲಲ್ಲಿ ಒಂದು ಗಿಡ ನೆಟ್ಟು, ಆಡು ಮೇಯದಂತೆ ಸುತ್ತ ಮುಳ್ಳು ಚುಚ್ಚಿದ್ದಳು.

ಒಂದು ಬೇಸಿಗೆಯಲ್ಲಿ ಎಲ್ಲಿಂದಲೋ ಕಪ್ಪು ಮೋಡ ಬಂತು.

"ಬನ್ನಿ, ಬನ್ನಿ" ಎಂದಿತು ಮಳೆ.

ತಿಮ್ಮಿ ಕುಣಿಯುತ್ತ ಹೊರಗೆ ಓಡಿದಳು. ದ್ಯಾವಕ್ಕನ ಕೈ ತುಂಬ ಹಿಟ್ಟು. "ಏ ತಿಮ್ಮಿ, ನಿಲ್ಲೇ! ನಾನೂ ಬಂದೆ!" ಎಂದು ಕೂಗುತ್ತ ಎದ್ದು ಬರುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ನುಗ್ಗಿತು. ಗುಡ್ಡದ ಮಣ್ಣು, ಹಳೆಯ ಗಿಡಗಳು, ಮಗು, ಎಲ್ಲವನ್ನೂ ಬಾಚಿಕೊಂಡು ಹೋಯಿತು.

ಮೂರನೆಯ ದಿನ ಕೆಳಗಿನ ಹಳ್ಳದಲ್ಲಿ ತಿಮ್ಮಿ ಸಿಕ್ಕಳು. ದ್ಯಾವಕ್ಕ ಅವಳನ್ನು ಹೊತ್ತು ತಂದು, ತಾನೇ ಗುಂಡಿ ತೋಡಿ ಮಲಗಿಸಿದಳು. ಅಷ್ಟರಲ್ಲಿ ಗುಡ್ಡದ ಮೇಲೆ ಉಳಿದ ಬೀಜಗಳೆಲ್ಲ ಎದ್ದು ಹಸಿರು ಹಾಸಿದ್ದವು. ಆಮೇಲೆ ಬಿಸಿಲು ಬಂತು. ಎಂಟೇ ದಿನಕ್ಕೆ ಅಷ್ಟೂ ಸಸಿಗಳು ಸುಟ್ಟು ಪುಡಿಯಾದವು. ಮುಳ್ಳಿನ ಮರೆಯಲ್ಲಿ ಕೊಚ್ಚಿ ಹೋಗದೆ ಉಳಿದಿದ್ದ ಬಾಗಿಲಿನ ಗಿಡವೂ ಮೇಲೆಲ್ಲ ಒಣಗಿತು. ಅದರ ಬೇರು ಮಾತ್ರ ಆಳದಲ್ಲಿ ಜೀವ ಹಿಡಿದಿತ್ತು.

ದೂರದಲ್ಲಿ ಹೋಗುತ್ತಿದ್ದ ಮಳೆಯನ್ನು ದ್ಯಾವಕ್ಕ ಕೇಳಿದಳು, "ಕರೆದೆಯಲ್ಲ, ಕರೆದು ಎಲ್ಲಿಗೆ ಹೋದೆ?"

"ಕರೆಯೋದಷ್ಟೇ ನನಗೆ ಗೊತ್ತು ಕಣಮ್ಮ" ಎಂದಿತು ಮಳೆ. "ನಿಲ್ಲೋದು ನನ್ನ ಕೈಲಿಲ್ಲ. ಗಾಳಿ ಎಳೆದ ಕಡೆ ಹೋಗ್ತೀನಿ."

ದ್ಯಾವಕ್ಕ ಅಳಲಿಲ್ಲ. ಕುಡಿಯುವ ನೀರಿನಲ್ಲೇ ಒಂದು ಬೊಗಸೆ ಉಳಿಸಿ ದಿನಾ ಆ ಬೇರಿಗೆ ಹಾಕಿದಳು. ಗಿಡ ಚಿಗುರಿತು, ಹೂ ಬಿಟ್ಟಿತು. ಕಾಯಿ ಕಂದುಬಣ್ಣಕ್ಕೆ ತಿರುಗಿದಾಗ, ಸಿಡಿದು ಚೆಲ್ಲುವ ಮೊದಲೇ ಬಿಡಿಸಿದಳು. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ತುಂಬಿಟ್ಟಳು.

ಮುಂದಿನ ಬೇಸಿಗೆಗೂ ಸುಳ್ಳು ಮೋಡ ಬಂತು. "ಬನ್ನಿ, ಬನ್ನಿ."

ಬುರುಡೆಯೊಳಗೆ ಬೀಜಗಳು ನೂಕಾಡಿದವು. "ಬಿಡಮ್ಮ, ಮಳೆ ಕರೀತಿದೆ!"

"ನನ್ನ ಮಗಳನ್ನೂ ಕರೆದಿತ್ತು" ಎಂದಳು ದ್ಯಾವಕ್ಕ. ಬುರುಡೆಯನ್ನು ಎದೆಗೆ ಅವುಚಿಕೊಂಡು, ಅದರ ಬಾಯಿಗೆ ಅಂಗೈ ಒತ್ತಿ ಮೂರು ದಿನ ಕೂತಳು. ನಾಲ್ಕನೆಯ ದಿನ ಬಿಸಿಲು ಬಂತು. ಬೀಜಗಳು ಉಳಿದವು.

ಆದರೆ ಅವಳಿಗೆ ವಯಸ್ಸಾಗುತ್ತಿತ್ತು. ತಾನು ಹೋದ ಮೇಲೆ ಇವನ್ನು ಯಾರು ಹಿಡಿದುಕೊಳ್ಳುತ್ತಾರೆ? ಅವಳು ಗುಡ್ಡದ ಹೆಬ್ಬಂಡೆಯ ಹತ್ತಿರ ಹೋದಳು. "ನಿನ್ನ ತೊಗಲು ಸ್ವಲ್ಪ ಕೊಡು. ನನ್ನ ಬೀಜಗಳಿಗೆ ಹೊದಿಸಬೇಕು."

"ಕೊಡ್ತೀನಿ" ಎಂದಿತು ಬಂಡೆ. "ಆದರೆ ಯೋಚನೆ ಮಾಡು. ನನ್ನ ತೊಗಲು ಹೊದ್ದವು ಬೇಗ ಏಳೋದಿಲ್ಲ. ಕೆಲವು ಒಳಗೇ ಸಾಯ್ತವೆ. ಎಲ್ಲಕ್ಕೂ ಹೊದಿಸಿದರೆ ಗುಡ್ಡದ ಮೇಲೆ ಹೂವೇ ಇರೋದಿಲ್ಲ. ಪ್ರತಿ ಕಾಯಲ್ಲೂ ಒಂದನ್ನು ಬರಿಮೈಯಲ್ಲಿ ಬಿಡಬೇಕು."

"ಸುಳ್ಳು ಮಳೆ ಬಂದರೆ ಅದು ಸಾಯುತ್ತಲ್ಲ?"

"ಸಾಯುತ್ತೆ. ನಿಜವಾದ ಮಳೆ ಬಂದರೆ ಬದುಕುತ್ತೆ."

ದ್ಯಾವಕ್ಕ ಬುರುಡೆ ಬಿಚ್ಚಿ ಕಾಯಿಗಳನ್ನು ಒಡೆದಳು. ಒಂದೊಂದು ಕಾಯಲ್ಲೂ ನಾಲ್ಕು ಬೀಜ. ಮೂರಕ್ಕೆ ಬಂಡೆಯ ತೊಗಲು ಹೊದಿಸಿದಳು, ಒಂದಕ್ಕೆ ತೆಳು, ಒಂದಕ್ಕೆ ದಪ್ಪ, ಒಂದಕ್ಕೆ ಇನ್ನೂ ದಪ್ಪ. ನಾಲ್ಕನೆಯದನ್ನು ಅಂಗೈಯಲ್ಲಿಟ್ಟು ನೋಡಿದಳು.

"ನಾನು ಹೋಗ್ತೀನಿ, ಅಮ್ಮ" ಎಂದಿತು ಅದು. ಅದಕ್ಕೆ ಹೆದರಿಕೆಯೇ ಇರಲಿಲ್ಲ.

ಆಗ ದ್ಯಾವಕ್ಕನಿಗೆ ಅಳು ಬಂತು. ಅಳುತ್ತಲೇ ಗುಡ್ಡದ ಉದ್ದಗಲಕ್ಕೂ ಬೀಜ ಚೆಲ್ಲಿದಳು. ಆ ವರ್ಷವೂ ಮೊದಲ ಮಳೆ ಸುಳ್ಳೇ ಆಯಿತು. ಬರಿಮೈಯ ಬೀಜಗಳೆಲ್ಲ ಎದ್ದವು, ಎಲ್ಲವೂ ಸತ್ತವು. ಅವಳು ಒಂದೊಂದು ಒಣ ಸಸಿಯನ್ನೂ ಹೆಕ್ಕಿ, ತಿಮ್ಮಿಯನ್ನು ಮಲಗಿಸಿದ ಕಡೆ ಹುಗಿದಳು. ಎರಡನೆಯ ಮಳೆ ಹೋಗದೆ ನಿಂತು ಸುರಿಯಿತು. ತೆಳು ತೊಗಲಿನವು ಎದ್ದವು, ಹೂ ಬಿಟ್ಟವು. ಅವುಗಳ ಒಂದೊಂದು ಕಾಯಲ್ಲೂ ಮತ್ತೆ ಮೂರು ಬೀಜ ತೊಗಲು ಹೊದ್ದೇ ಹುಟ್ಟಿದವು, ಒಂದು ಬರಿಮೈಯಲ್ಲಿ. ದಪ್ಪ ತೊಗಲಿನವು ಏಳುವುದನ್ನು ನೋಡಲು ದ್ಯಾವಕ್ಕ ಇರಲಿಲ್ಲ.

ಇವತ್ತಿಗೂ ಮೊದಲ ಮಳೆ ಬಿದ್ದ ವಾರಕ್ಕೆ ವಿಷ್ಣುಕ್ರಾಂತಿಯ ಬುಡದಲ್ಲಿ ಬಗ್ಗಿ ನೋಡು ಮಗು, ಎಲ್ಲೋ ಒಂದೊಂದು ಸಸಿ ಮಾತ್ರ ಎದ್ದಿರುತ್ತದೆ, ಉಳಿದ ಬೀಜಗಳು ಮಳೆ ಕರೆದದ್ದು ಕೇಳಿಸಿದರೂ ಮಣ್ಣೊಳಗೇ ಕದಲದೆ ಮಲಗಿರುತ್ತವೆ.